ಸಾಲು ತಪ್ಪಿಸಲು ಎಷ್ಟು ಕೊಡ್ತೀರಿ?

ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ಎಂದರೆ ಥೀಮ್ ಪಾರ್ಕ್‌ಗಳ ಊರು. 2025ರಲ್ಲಿ ಅಲ್ಲಿಂದ ಬಂದ ಸುದ್ದಿಗಳು ಒಂದೆರಡಲ್ಲ. ಮೇ 22ರಂದು ಯೂನಿವರ್ಸಲ್ ಕಂಪನಿಯ ‘ಎಪಿಕ್ ಯೂನಿವರ್ಸ್’ ಪಾರ್ಕ್ ಬಾಗಿಲು ತೆರೆಯಿತು. ನೀರಿನ ಪಾರ್ಕನ್ನು ಬಿಟ್ಟರೆ ಆ ಕಂಪನಿ 1999ರ ನಂತರ ಅಲ್ಲಿ ಕಟ್ಟಿದ ಮೊದಲ ಪಾರ್ಕ್ ಇದು. ಜುಲೈನಲ್ಲಿ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನೊಳಗಿದ್ದ ಕೃತಕ ನದಿಯನ್ನು ಮುಚ್ಚಲಾಯಿತು. ಅಲ್ಲಿ ‘ಕಾರ್ಸ್’ ಸಿನಿಮಾ ಆಧರಿಸಿದ ಹೊಸ ವಿಭಾಗ ಬರಲಿದೆ. ಅಕ್ಟೋಬರ್‌ನಲ್ಲಿ ಪ್ರಕಟವಾದ ಹೊಸ ದರಪಟ್ಟಿಯಲ್ಲಿ, ಅತಿ ಹೆಚ್ಚು ಜನ ಸೇರುವ ಹಬ್ಬದ ದಿನಗಳ ಒಂದು ದಿನದ ಟಿಕೆಟ್ 200 ಡಾಲರ್ ದಾಟಿತು. ನಮ್ಮ ಲೆಕ್ಕದಲ್ಲಿ ಒಬ್ಬರಿಗೆ ಹದಿನೇಳು ಸಾವಿರ ರೂಪಾಯಿಗೂ ಮೇಲೆ.

ಇಷ್ಟೆಲ್ಲ ಇದ್ದರೂ ಪಾರ್ಕ್ ಅಭಿಮಾನಿಗಳು ಹೊಸ ರೋಲರ್ ಕೋಸ್ಟರ್ ಬಗ್ಗೆ ಮಾತನಾಡುವಷ್ಟೇ ಬಿಸಿಯಾಗಿ ಇನ್ನೊಂದು ವಿಷಯದ ಬಗ್ಗೆ ಮಾತನಾಡುತ್ತಾರೆ. ಅದು ಸಾಲು. ನಾವು ‘ಕ್ಯೂ’ ಎನ್ನುತ್ತೇವಲ್ಲ, ಅದೇ. ಯಾವ ರೈಡ್‌ಗೆ ಎಷ್ಟು ಹೊತ್ತು ಕಾಯಬೇಕು, ಕಾಯದೆ ಹೋಗಲು ಎಷ್ಟು ಕೊಡಬೇಕು, ಕೊಟ್ಟರೂ ಲಾಭವೇನು ಎಂಬುದೇ ಅಲ್ಲಿನ ದೊಡ್ಡ ಚರ್ಚೆ.

ಫ್ಲಾರಿಡಾದ ಸಾಲು ಕಟ್ಟಿಕೊಂಡು ನಮಗೇನಾಗಬೇಕು ಎಂದು ನೀವು ಕೇಳಬಹುದು. ತಿರುಪತಿಯ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ, ಮೈಸೂರು ದಸರಾದ ಗೋಲ್ಡ್ ಕಾರ್ಡ್, ರೈಲಿನ ಪ್ರೀಮಿಯಂ ತತ್ಕಾಲ್ ಕಂಡಿರುವ ನಮಗೆ ಈ ವ್ಯವಸ್ಥೆ ಹೊಸದಲ್ಲ. ಆದರೆ ಸಾಲನ್ನು ಮೊದಲು ಒಂದು ಶಾಸ್ತ್ರವಾಗಿ ಬೆಳೆಸಿ, ಆಮೇಲೆ ಅದನ್ನೇ ಸರಕಾಗಿ ಮಾರಿದ್ದನ್ನು ಹಂತಹಂತವಾಗಿ ನೋಡಬೇಕಾದರೆ ಡಿಸ್ನಿಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿ ಆದದ್ದು ನಮ್ಮಲ್ಲೂ ಆಗುತ್ತಿದೆ. ಅದರ ಸಾಫ್ಟ್‌ವೇರ್ ಬರೆಯುವ ಕೆಲಸ ನಾಳೆ ನಮ್ಮಲ್ಲೇ ಯಾರಿಗೋ ಸಿಗುತ್ತದೆ.

ಕೂಪನ್ ಪುಸ್ತಕದ ಕಾಲ

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಡಿಸ್ನಿಲ್ಯಾಂಡ್ ಶುರುವಾದಾಗ ಒಂದೇ ಟಿಕೆಟ್‌ನಲ್ಲಿ ಎಲ್ಲ ಆಟ ಆಡುವ ಪದ್ಧತಿ ಇರಲಿಲ್ಲ. ಪ್ರವೇಶಕ್ಕೆ ಒಂದು ದರ, ಪ್ರತಿ ರೈಡ್‌ಗೆ ಬೇರೆ ದರ. ನಮ್ಮ ಜಾತ್ರೆಯಲ್ಲಿ ಜೈಂಟ್ ವ್ಹೀಲ್‌ಗೆ, ಕೊಲಂಬಸ್ ದೋಣಿಗೆ ಬೇರೆ ಬೇರೆ ಚೀಟಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಕೆಲವೇ ತಿಂಗಳಲ್ಲಿ ಕೂಪನ್ ಪುಸ್ತಕ ಬಂತು. ಸಣ್ಣಪುಟ್ಟ ಆಟಗಳಿಗೆ ‘ಎ’ ಕೂಪನ್, ಅದಕ್ಕಿಂತ ಚೆನ್ನಾಗಿರುವುದಕ್ಕೆ ‘ಬಿ’, ಹೀಗೆ ಮೇಲೇರುತ್ತ 1959ರಲ್ಲಿ ‘ಇ’ ಕೂಪನ್ ಸೇರಿತು. ಅತ್ಯಂತ ರೋಮಾಂಚಕ ರೈಡ್‌ಗಳಿಗೆ ಅದೇ ಬೇಕು. ‘ಇ ಟಿಕೆಟ್’ ಎಂಬ ಮಾತು ಅಮೆರಿಕದ ಆಡುಭಾಷೆಗೇ ಸೇರಿಹೋಯಿತು. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್, ರಾಕೆಟ್ ಏರಿದ ಅನುಭವವನ್ನು ಇದೇ ‘ಇ ಟಿಕೆಟ್’ಗೆ ಹೋಲಿಸಿದ್ದರು.

1971ರ ಅಕ್ಟೋಬರ್ 1ರಂದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಆರಂಭವಾದಾಗಲೂ ಇದೇ ಕ್ರಮ. ವಯಸ್ಕರ ಪ್ರವೇಶ ದರ ಮೂರೂವರೆ ಡಾಲರ್, ರೈಡ್‌ಗೆ ಕೂಪನ್. 1982ರಲ್ಲಿ ಎಪ್ಕಾಟ್ ಎಂಬ ಎರಡನೇ ಪಾರ್ಕ್ ತೆರೆಯುವ ಹೊತ್ತಿಗೆ ಕೂಪನ್ ಪದ್ಧತಿ ನಿಂತಿತು. ಒಮ್ಮೆ ಟಿಕೆಟ್ ಕೊಂಡು ಒಳಗೆ ಹೋದರೆ ಯಾವ ರೈಡ್ ಬೇಕಾದರೂ, ಎಷ್ಟು ಸಲ ಬೇಕಾದರೂ ಹತ್ತಬಹುದು. ಗೇಟಿನ ಹೊರಗೆ ಶ್ರೀಮಂತ, ಮಧ್ಯಮ ವರ್ಗ ಎಂಬ ಭೇದ ಇದ್ದೇ ಇತ್ತು. ಗೇಟ್ ದಾಟಿದ ಮೇಲೆ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿತ್ತು. ವೈದ್ಯರ ಮಗು ಮತ್ತು ಲಾರಿ ಚಾಲಕರ ಮಗು ಇಬ್ಬರೂ ಒಂದೇ ಕಂಬಿ ಹಿಡಿದು ಕಾಯುತ್ತಿದ್ದರು. ಅಭಿಮಾನಿಗಳು ‘ಆ ಕಾಲ ಚೆನ್ನಾಗಿತ್ತು’ ಎನ್ನುವುದು ಮುಖ್ಯವಾಗಿ ಈ ಕಾಲವನ್ನು ನೆನೆದು.

ಉಚಿತ ಚೀಟಿ ಬಂತು

ಎಲ್ಲರೂ ಒಂದೇ ಟಿಕೆಟ್‌ನಲ್ಲಿ ಒಳಗೆ ಬಂದರೆ ಎಲ್ಲರೂ ಹುಡುಕಿಕೊಂಡು ಹೋಗುವುದು ಅದೇ ನಾಲ್ಕೈದು ಪ್ರಸಿದ್ಧ ರೈಡ್‌ಗಳನ್ನು. ಸಾಲು ಉದ್ದವಾಗುತ್ತದೆ. ಸಾಲಿನಲ್ಲಿ ನಿಂತವರು ಐಸ್‌ಕ್ರೀಮ್ ಕೊಳ್ಳುವುದಿಲ್ಲ, ಟೀ ಶರ್ಟ್ ಕೊಳ್ಳುವುದಿಲ್ಲ. ಅವರಿಗೂ ಬೇಸರ, ಕಂಪನಿಗೂ ನಷ್ಟ. ಇದಕ್ಕೆ ಡಿಸ್ನಿ 1999ರಲ್ಲಿ ಕಂಡುಕೊಂಡ ಉಪಾಯ ‘ಫಾಸ್ಟ್‌ಪಾಸ್’. ರೈಡ್ ಪಕ್ಕದ ಯಂತ್ರಕ್ಕೆ ನಿಮ್ಮ ಪ್ರವೇಶ ಟಿಕೆಟ್ ತೂರಿಸಿದರೆ ಒಂದು ಕಾಗದದ ಚೀಟಿ ಬರುತ್ತಿತ್ತು. ಅದರಲ್ಲಿ ‘ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಬನ್ನಿ’ ಎಂದು ಬರೆದಿರುತ್ತಿತ್ತು. ಆ ಹೊತ್ತಿಗೆ ಬಂದರೆ ಪ್ರತ್ಯೇಕ ಬಾಗಿಲಿನಿಂದ ಬೇಗ ಒಳಗೆ. ಇದಕ್ಕೆ ಒಂದು ಪೈಸೆಯೂ ಹೆಚ್ಚಿಗೆ ಕೊಡಬೇಕಿರಲಿಲ್ಲ.

ಉಚಿತ ಎಂದ ಮಾತ್ರಕ್ಕೆ ಅದು ಪೂರ್ತಿ ಸಮಾನವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೆಳಿಗ್ಗೆ ಬೇಗ ಬಂದವರಿಗೆ, ಪಾರ್ಕಿನ ಒಳಹೊರಗು ಗೊತ್ತಿದ್ದವರಿಗೆ ಹೆಚ್ಚು ಚೀಟಿ ಸಿಗುತ್ತಿತ್ತು. 2014ರ ಹೊತ್ತಿಗೆ ಕಾಗದ ಹೋಗಿ, ಮೊಬೈಲ್ ಮತ್ತು ಕೈಗೆ ಕಟ್ಟುವ ಪಟ್ಟಿಯ ಮೂಲಕ ನಡೆಯುವ ‘ಫಾಸ್ಟ್‌ಪಾಸ್ ಪ್ಲಸ್’ ಬಂದಾಗ ಡಿಸ್ನಿಯ ಹೋಟೆಲ್‌ಗಳಲ್ಲಿ ತಂಗುವವರು 60 ದಿನ ಮುಂಚೆ, ಉಳಿದವರು 30 ದಿನ ಮುಂಚೆ ಸಮಯ ಕಾಯ್ದಿರಿಸಬಹುದಾಗಿತ್ತು. ಅಂದರೆ ಹೋಟೆಲ್‌ಗೆ ದುಡ್ಡು ಕೊಟ್ಟವರಿಗೆ ಒಂದು ಹೆಜ್ಜೆ ಮುಂದೆ. ನಮ್ಮ ತತ್ಕಾಲ್ ಟಿಕೆಟ್ ನೆನಪಿಸಿಕೊಳ್ಳಿ. ನಿಯಮ ಎಲ್ಲರಿಗೂ ಒಂದೇ, ಆದರೆ ವೇಗದ ಇಂಟರ್‌ನೆಟ್ ಮತ್ತು ಪಳಗಿದ ಬೆರಳು ಇದ್ದವರಿಗೆ ಸೀಟು. ಹಾಗಿದ್ದರೂ ಟಿಕೆಟ್ ಇದ್ದ ಪ್ರತಿಯೊಬ್ಬರಿಗೂ ದಿನಕ್ಕೆ ಮೂರು ರೈಡ್‌ಗಳನ್ನು ಮೊದಲೇ ಕಾಯ್ದಿರಿಸುವ ಹಕ್ಕು ಆಗ ಇತ್ತು.

ಮಿಂಚಿನ ದಾರಿಗೆ ದರ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪಾರ್ಕ್‌ಗಳು ಮುಚ್ಚಿದವು. ಫ್ಲಾರಿಡಾದಲ್ಲಿ ಜುಲೈ ತಿಂಗಳಲ್ಲಿ ಮತ್ತೆ ತೆರೆದಾಗ ಫಾಸ್ಟ್‌ಪಾಸ್ ಇರಲಿಲ್ಲ. ಅದು ಮರಳಿ ಬರಲೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಅದರ ಜಾಗದಲ್ಲಿ ಬಂದದ್ದು ‘ಜೀನಿ ಪ್ಲಸ್’. ಒಬ್ಬರಿಗೆ ಒಂದು ದಿನಕ್ಕೆ 15 ಡಾಲರ್ ಕೊಟ್ಟರೆ ‘ಲೈಟ್ನಿಂಗ್ ಲೇನ್’ ಎಂಬ ಬೇಗದ ಸಾಲಿಗೆ ಪ್ರವೇಶ. ಅತಿ ಬೇಡಿಕೆಯ ಒಂದೆರಡು ರೈಡ್‌ಗಳಿಗೆ ಅದೂ ಸಾಲದು, ಪ್ರತ್ಯೇಕವಾಗಿ ಕೊಡಬೇಕು. ಮರುವರ್ಷ ದರ ದಿನದಿನಕ್ಕೂ ಬದಲಾಗತೊಡಗಿತು. ಜನ ಹೆಚ್ಚಿದ್ದ ದಿನ ಬೆಲೆಯೂ ಹೆಚ್ಚು. 2024ರ ಜುಲೈನಲ್ಲಿ ಹೆಸರು ‘ಲೈಟ್ನಿಂಗ್ ಲೇನ್ ಮಲ್ಟಿ ಪಾಸ್’ ಎಂದಾಯಿತು. ಹೋಟೆಲ್ ಅತಿಥಿಗಳು ಏಳು ದಿನ, ಉಳಿದವರು ಮೂರು ದಿನ ಮುಂಚೆ ಕೊಳ್ಳಬಹುದು.

ಅದೇ ವರ್ಷದ ಕೊನೆಯಲ್ಲಿ ಬಂದದ್ದು ‘ಪ್ರೀಮಿಯರ್ ಪಾಸ್’. ಇದಕ್ಕೆ ಸಮಯ ಕಾಯ್ದಿರಿಸುವ ಗೋಜೂ ಇಲ್ಲ. ಯಾವಾಗ ಬೇಕಾದರೂ ಹೋಗಿ, ಪ್ರತಿ ಲೈಟ್ನಿಂಗ್ ಲೇನ್‌ನಲ್ಲಿ ಒಂದು ಸಲ ನುಗ್ಗಬಹುದು. ಫ್ಲಾರಿಡಾದಲ್ಲಿ ಪಾರ್ಕ್ ಮತ್ತು ದಿನಕ್ಕೆ ತಕ್ಕಂತೆ ಒಬ್ಬರಿಗೆ 129 ಡಾಲರ್‌ನಿಂದ 449 ಡಾಲರ್‌ವರೆಗೆ ದರದೊಂದಿಗೆ ಇದು ಶುರುವಾಯಿತು. ಪ್ರವೇಶ ಟಿಕೆಟ್‌ನ ದುಡ್ಡು ಬೇರೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಕುಟುಂಬ ಅತಿ ದುಬಾರಿ ದಿನ ಈ ಪಾಸ್ ಕೊಂಡರೆ ಸುಮಾರು 1,800 ಡಾಲರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಅದೂ ಒಂದೇ ದಿನಕ್ಕೆ, ಸಾಲು ತಪ್ಪಿಸುವುದಕ್ಕಷ್ಟೇ.

ಈಗ ಹಿಂತಿರುಗಿ ನೋಡಿ. 1955ರಲ್ಲಿ ರೈಡ್‌ಗೊಂದು ದರ. 1982ರಿಂದ ಎಲ್ಲರಿಗೂ ಒಂದೇ ಟಿಕೆಟ್. 2021ರಿಂದ ಮತ್ತೆ ರೈಡ್‌ಗೊಂದು ದರ. ಚಕ್ರ ಒಂದು ಸುತ್ತು ಬಂದಿದೆ. ಒಂದು ವ್ಯತ್ಯಾಸ ಮಾತ್ರ ಬಹಳ ದೊಡ್ಡದು. ಅಂದು ಕೂಪನ್ ಕೊಟ್ಟು ಜನ ಕೊಳ್ಳುತ್ತಿದ್ದದ್ದು ರೈಡನ್ನು. ಇಂದು ರೈಡ್‌ನ ದುಡ್ಡು ಟಿಕೆಟ್‌ನಲ್ಲೇ ಕೊಟ್ಟಾಗಿದೆ. ಹೆಚ್ಚಿಗೆ ಕೊಟ್ಟು ಕೊಳ್ಳುತ್ತಿರುವುದು ಇನ್ನೊಬ್ಬರಿಗಿಂತ ಮುಂದೆ ಹೋಗುವ ಹಕ್ಕನ್ನು.

ಲೆಕ್ಕ ಏನು ಹೇಳುತ್ತದೆ?

ಎಂಜಿನಿಯರಿಂಗ್‌ನಲ್ಲಿ ಆಪರೇಷನ್ಸ್ ರಿಸರ್ಚ್ ಓದಿದವರಿಗೆ ‘ಲಿಟಲ್ ನಿಯಮ’ ಗೊತ್ತಿರುತ್ತದೆ. 1961ರಲ್ಲಿ ಜಾನ್ ಲಿಟಲ್ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ್ದು. ಸಾಲಿನಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂದರೆ, ಗಂಟೆಗೆ ಬಂದು ಸೇರುವವರ ಸಂಖ್ಯೆಯನ್ನು ಅವರು ಕಾಯುವ ಗಂಟೆಗಳಿಂದ ಗುಣಿಸಿದಷ್ಟು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಸೂತ್ರ. ಆದರೆ ಬ್ಯಾಂಕಿನಿಂದ ಆಸ್ಪತ್ರೆಯವರೆಗೆ ಎಲ್ಲ ಸಾಲುಗಳಿಗೂ ಇದು ಅನ್ವಯ.

ಪಾರ್ಕಿಗೆ ಇದನ್ನು ಹಾಕಿ ನೋಡೋಣ. ಒಂದು ರೈಡ್ ಗಂಟೆಗೆ 1,500 ಜನರನ್ನು ಕೂರಿಸಬಲ್ಲದು ಎಂದುಕೊಳ್ಳಿ. ನೀವು ಹೋಗಿ ನಿಂತಾಗ ನಿಮ್ಮ ಮುಂದೆ 1,500 ಜನ ಇದ್ದಾರೆ. ಒಂದೇ ಸಾಲು ಇದ್ದರೆ ಒಂದು ಗಂಟೆಗೆ ನಿಮ್ಮ ಸರದಿ. ಈಗ ಎರಡನೇ ಸಾಲು ಸೇರಿಸಿ. ಪಾಸ್ ಇರುವ 750 ಜನ ಪ್ರತಿ ಗಂಟೆಯೂ ನಿಮ್ಮ ನಂತರ ಬಂದು ನಿಮಗಿಂತ ಮೊದಲು ಹತ್ತುತ್ತಾರೆ. ಒಂದು ಗಂಟೆ ಕಳೆದಾಗ ನಿಮ್ಮ ಮುಂದಿದ್ದ 1,500 ಜನರಲ್ಲಿ ಹೋಗಿರುವುದು 750 ಮಂದಿ ಮಾತ್ರ. ನಿಮ್ಮ ಸರದಿ ಬರಲು ಎರಡು ಗಂಟೆ ಬೇಕು.

ಗಮನಿಸಿ, ರೈಡ್‌ನ ವೇಗ ಹೆಚ್ಚಾಗಿಲ್ಲ. ಒಂದು ಸೀಟೂ ಹೊಸದಾಗಿ ಹುಟ್ಟಿಲ್ಲ. ಪಾಸ್ ಇರುವವರಿಗೆ ಉಳಿದ ಒಂದೊಂದು ನಿಮಿಷವೂ ಪಾಸ್ ಇಲ್ಲದವರ ದಿನದಿಂದ ಹೋಗಿದ್ದು. ಉಚಿತ ಫಾಸ್ಟ್‌ಪಾಸ್ ಕಾಲದಲ್ಲೂ ಹಿಂದಿನಿಂದ ಬಂದವರು ಮುಂದೆ ಹೋಗುತ್ತಿದ್ದರು, ಸುಳ್ಳಲ್ಲ. ಆದರೆ ಆಗ ಒಂದು ರೈಡ್‌ನಲ್ಲಿ ನೀವು ಕಾದರೆ ಇನ್ನೊಂದರಲ್ಲಿ ಬೇರೆಯವರು ಕಾಯುತ್ತಿದ್ದರು. ಕಾಯುವ ಹೊರೆ ಹಂಚಿಹೋಗುತ್ತಿತ್ತು. ಈಗ ದಿನವಿಡೀ ಕಾಯುವವರು ಒಂದು ಕಡೆ, ದಿನವಿಡೀ ಮುಂದೆ ಹೋಗುವವರು ಇನ್ನೊಂದು ಕಡೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿ ಇದೆ. ಸಾಮಾನ್ಯ ಸಾಲು ಉದ್ದವಾದಷ್ಟೂ ಪಾಸ್ ಹೆಚ್ಚು ಮಾರಾಟವಾಗುತ್ತದೆ. ಸಾಲು ಹತ್ತೇ ನಿಮಿಷದ್ದಾದರೆ ಪಾಸ್ ಕೊಳ್ಳುವವರು ಯಾರು? ಅಂದರೆ ಸಾಲನ್ನು ಚಿಕ್ಕದು ಮಾಡುವುದರಲ್ಲಿ ಕಂಪನಿಗೆ ಮೊದಲು ಇದ್ದ ಲಾಭ ಈಗ ಕಡಿಮೆಯಾಗಿದೆ. ಯಾರೋ ಬೇಕೆಂದೇ ಸಾಲು ಉದ್ದ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಸಮಸ್ಯೆಯಿಂದ ಆದಾಯ ಬರತೊಡಗಿದರೆ ಆ ಸಮಸ್ಯೆಯನ್ನು ಬಗೆಹರಿಸುವ ಆತುರ ಯಾರಿಗೂ ಇರುವುದಿಲ್ಲ.

ಕಂಪನಿಯ ವಾದವನ್ನೂ ಕೇಳೋಣ

ಪಾಸ್ ಪದ್ಧತಿಯನ್ನು ಸಮರ್ಥಿಸುವವರ ವಾದ ತಳ್ಳಿಹಾಕುವಂಥದ್ದಲ್ಲ. ಉಳ್ಳವರಿಂದ ಹೆಚ್ಚು ತೆಗೆದುಕೊಂಡರೆ ಉಳಿದವರ ಟಿಕೆಟ್ ದರ ಏರಿಸದೆ ಇರಬಹುದು ಎಂಬುದು ಮೊದಲನೆಯದು. ಇದಕ್ಕೆ ಪುರಾವೆಯೂ ಇದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಅತಿ ಕಡಿಮೆ ದರದ ಟಿಕೆಟ್ 2019ರಿಂದ 104 ಡಾಲರ್‌ನಲ್ಲೇ ನಿಂತಿದೆ. ಆದರೆ ಆ ದರ ಸಿಗುವುದು ವರ್ಷದ ಕೆಲವೇ ದಿನಗಳಲ್ಲಿ, ಅದೂ ಸಾಮಾನ್ಯವಾಗಿ ಮಕ್ಕಳಿಗೆ ಶಾಲೆ ಇರುವ ದಿನಗಳಲ್ಲಿ.

ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇಲ್ಲವೇ ಎಂಬುದು ಎರಡನೆಯದು. ಇದೆ. ಆದರೆ ಬಿಸಿನೆಸ್ ಕ್ಲಾಸ್‌ನವರು ಅಗಲವಾದ ಸೀಟಿನಲ್ಲಿ ಕುಳಿತರೆ ನಮ್ಮ ವಿಮಾನ ಒಂದು ಗಂಟೆ ತಡವಾಗುವುದಿಲ್ಲ. ಅವರೂ ನಾವೂ ಒಂದೇ ಹೊತ್ತಿಗೆ ಇಳಿಯುತ್ತೇವೆ. ಸಾಲಿನ ವಿಷಯ ಹಾಗಲ್ಲ.

ಕಂಪನಿಗಳು ಜೋರಾಗಿ ಹೇಳದ ಮೂರನೇ ಕಾರಣ ಹಣ. 2024ರ ಹಣಕಾಸು ವರ್ಷದಲ್ಲಿ ಪಾರ್ಕ್, ಹಡಗು ಪ್ರವಾಸ ಮತ್ತು ಗೊಂಬೆ-ಉಡುಪುಗಳ ವ್ಯಾಪಾರ ಸೇರಿದ ಡಿಸ್ನಿಯ ವಿಭಾಗ ಗಳಿಸಿದ ಕಾರ್ಯಾಚರಣೆ ಲಾಭ ಸುಮಾರು 930 ಕೋಟಿ ಡಾಲರ್. ಇಡೀ ಕಂಪನಿಯ ಇಂಥ ಲಾಭದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಟಿವಿ ಚಾನೆಲ್‌ಗಳ ಆದಾಯ ಕುಸಿಯುತ್ತಿರುವಾಗ ಕಂಪನಿಯನ್ನು ಹೊತ್ತು ನಿಂತಿರುವುದು ಪಾರ್ಕ್‌ಗಳು. 2023ರಲ್ಲಿ ಡಿಸ್ನಿ ಹತ್ತು ವರ್ಷಗಳಲ್ಲಿ ಈ ವಿಭಾಗಕ್ಕೆ 6,000 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿದ್ದೂ ಇದಕ್ಕೇ.

ಊಟದ ಮೇಜು, ಗಾಲಿಕುರ್ಚಿಯ ಮಾತು

ಸಾಲಿನ ಈ ತರ್ಕ ರೈಡ್‌ಗೆ ಮಾತ್ರ ಸೀಮಿತವಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗೆ ಸಿಂಡರೆಲಾ ಜೊತೆ ಊಟ ಮಾಡಬೇಕೆಂದರೆ 60 ದಿನ ಮುಂಚೆ ಮೇಜು ಕಾಯ್ದಿರಿಸಲು ಪೈಪೋಟಿ. ಹಾಗಂತ ಅಲ್ಲಿ ಎಲ್ಲವೂ ಲೂಟಿಯೇ ಎಂದೂ ಅಲ್ಲ. ಡಿಸ್ನಿ ಪಾರ್ಕಿನೊಳಗೆ ಮನೆಯಿಂದ ತಂದ ತಿಂಡಿ, ನೀರು ಒಯ್ಯಬಹುದು. ಗಾಜಿನ ಬಾಟಲಿ, ಮದ್ಯದಂಥವಕ್ಕೆ ಮಾತ್ರ ನಿಷೇಧ. ನಮ್ಮಲ್ಲಿ ಎಷ್ಟೋ ಪಾರ್ಕ್‌ಗಳ ಗೇಟಿನಲ್ಲಿ ಬ್ಯಾಗ್ ತೆಗೆಸಿ ಚಪಾತಿ ಡಬ್ಬಿ ಹೊರಗಿಡಿಸುತ್ತಾರೆ. ಈ ಒಂದು ವಿಷಯದಲ್ಲಿ ಅಮೆರಿಕದ ಅತಿ ದುಬಾರಿ ಪಾರ್ಕ್ ನಮಗಿಂತ ಉದಾರಿ.

ಮನಸ್ಸಿಗೆ ಹೆಚ್ಚು ನಾಟುವುದು ಅಂಗವಿಕಲರ ಸೌಲಭ್ಯದ ವಿಷಯ. ಸಾಲಿನಲ್ಲಿ ನಿಲ್ಲಲಾಗದವರು ಹೊರಗೆ ಕಾದು ನಿಗದಿತ ಹೊತ್ತಿಗೆ ಬರುವ ಉಚಿತ ಸೌಲಭ್ಯ ಡಿಸ್ನಿಯಲ್ಲಿದೆ. ಬೇಗದ ಸಾಲಿಗೆ ದರ ಬಂದ ಮೇಲೆ ಈ ಉಚಿತ ದಾರಿಯ ಬಳಕೆ ವಿಪರೀತ ಏರಿತು. ದುರುಪಯೋಗ ತಡೆಯಲೆಂದು 2024ರಲ್ಲಿ ನಿಯಮ ಬಿಗಿಗೊಳಿಸಿ, ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಅದನ್ನು ಸೀಮಿತಗೊಳಿಸಲಾಯಿತು. ಬೇರೆ ಕಾಯಿಲೆಗಳಿಂದ ಬಳಲುವವರು ಇದನ್ನು ವಿರೋಧಿಸಿದರು. ಸಾಲಿಗೆ ಬೆಲೆ ಬಂದ ಕೂಡಲೇ, ಅದನ್ನು ಪುಕ್ಕಟೆ ಪಡೆಯುವವರೆಲ್ಲ ಅನುಮಾನಕ್ಕೆ ಗುರಿಯಾದರು. ನಿಜವಾಗಿ ಅಗತ್ಯ ಇದ್ದವರೂ ತಮ್ಮ ನೋವನ್ನು ಸಾಬೀತು ಮಾಡಬೇಕಾಯಿತು.

ಅಬುಧಾಬಿಯಿಂದ ಕೆಆರ್‌ಎಸ್‌ವರೆಗೆ

ಈಗ ನಮ್ಮ ಕಡೆ ಬರೋಣ. 2025ರ ಮೇ 7ರಂದು ಡಿಸ್ನಿ ತನ್ನ ಏಳನೇ ಪಾರ್ಕ್ ತಾಣವನ್ನು ಘೋಷಿಸಿತು. ಅದು ಅಬುಧಾಬಿಯ ಯಾಸ್ ದ್ವೀಪ. ಕಟ್ಟುವುದು, ನಡೆಸುವುದು ಅಲ್ಲಿನ ಮಿರಾಲ್ ಸಂಸ್ಥೆ. ವಿನ್ಯಾಸ ಡಿಸ್ನಿಯದು. ಈ ಜಾಗವನ್ನು ಆಯ್ದುಕೊಳ್ಳುವಾಗ ನಾಲ್ಕು ಗಂಟೆಯ ವಿಮಾನ ಪ್ರಯಾಣದೊಳಗೆ ಜಗತ್ತಿನ ಮೂರನೇ ಒಂದು ಭಾಗದಷ್ಟು ಜನ ಇದ್ದಾರೆ ಎಂಬುದನ್ನು ಕಂಪನಿ ಎತ್ತಿ ಹೇಳಿತು. ಆ ಲೆಕ್ಕದಲ್ಲಿ ನಾವೂ ಸೇರಿದ್ದೇವೆ. ಬೆಂಗಳೂರಿನಿಂದ, ಮಂಗಳೂರಿನಿಂದ ಅಬುಧಾಬಿಗೆ ನೇರ ವಿಮಾನ ಇದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಕೊಲ್ಲಿ ದೇಶದಲ್ಲಿರುತ್ತಾರೆ. ಫ್ಲಾರಿಡಾ ಸಿನಿಮಾದಲ್ಲಿ ನೋಡುವ ಊರು. ಅಬುಧಾಬಿ ಚಿಕ್ಕಪ್ಪ ಇರುವ ಊರು.

ಅಷ್ಟು ದೂರವೂ ಹೋಗಬೇಕಿಲ್ಲ. ಬಿಡದಿಯ ಬಳಿ 2005ರಲ್ಲಿ ಶುರುವಾದ ವಂಡರ್‌ಲಾ ನಮ್ಮ ತಲೆಮಾರಿನ ಶಾಲಾ ಪ್ರವಾಸದ ಕಾಯಂ ಜಾಗ. ಕೊಚ್ಚಿಯಲ್ಲಿ 2000ದಲ್ಲಿ ಹುಟ್ಟಿದ ಈ ಸಂಸ್ಥೆ ಹೈದರಾಬಾದ್, ಭುವನೇಶ್ವರ ದಾಟಿ 2025ರ ಡಿಸೆಂಬರ್‌ನಲ್ಲಿ ಚೆನ್ನೈಗೂ ಕಾಲಿಟ್ಟಿತು. ಕಾಲೇಜು ಗುರುತಿನ ಚೀಟಿ ತೋರಿಸಿದರೆ ಅಲ್ಲಿ ರಿಯಾಯಿತಿಯೂ ಇದೆ, ಹೆಚ್ಚು ದುಡ್ಡು ಕೊಟ್ಟರೆ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ಟೂ ಇದೆ.

ಇಂಥ ಟಿಕೆಟ್ ಸ್ನೇಹಿತರ ಗುಂಪಿಗೆ ಏನು ಮಾಡುತ್ತದೆ ಎಂದು ಒಮ್ಮೆ ಪಾರ್ಕ್ ಒಂದಕ್ಕೆ ಹೋದಾಗ ನೋಡಿದ್ದೇನೆ. ನಾವು ಹನ್ನೆರಡು ಜನ ಹೋಗಿದ್ದೆವು. ಇಬ್ಬರು ಬೇಗದ ಟಿಕೆಟ್ ಕೊಂಡರು. ಮಧ್ಯಾಹ್ನದ ಹೊತ್ತಿಗೆ ಅವರು ಎಲ್ಲ ರೈಡ್ ಮುಗಿಸಿ ಮರದ ಕೆಳಗೆ ಮೊಬೈಲ್ ನೋಡುತ್ತ ಕುಳಿತಿದ್ದರು. ನಾವು ನಾಲ್ಕನೇ ರೈಡ್‌ನ ಸಾಲಿನಲ್ಲಿದ್ದೆವು. ಯಾರ ಮೇಲೂ ಯಾರಿಗೂ ಕೋಪ ಇರಲಿಲ್ಲ. ಆದರೆ ಅವತ್ತು ಹನ್ನೆರಡು ಜನ ಒಟ್ಟಿಗೆ ಇರುವ ಒಂದು ಫೋಟೊ ಕೂಡ ಸಿಗಲಿಲ್ಲ. ಒಟ್ಟಿಗೆ ಇರಲೆಂದೇ ಹೋದ ಜಾಗದಲ್ಲಿ ನಾವು ಎರಡು ಗುಂಪಾಗಿದ್ದೆವು.

ಖಾಸಗಿ ಪಾರ್ಕ್ ತನ್ನ ಜಾಗದಲ್ಲಿ ತನಗೆ ಬೇಕಾದ ದರ ಇಟ್ಟುಕೊಳ್ಳಲಿ, ಬೇಡವಾದರೆ ನಾವು ಹೋಗದಿದ್ದರಾಯಿತು ಎನ್ನಬಹುದು. ಸಾರ್ವಜನಿಕ ಜಾಗದ ವಿಷಯಕ್ಕೆ ಬಂದರೆ ಹಾಗೆನ್ನಲಾಗದು. ಮಂಡ್ಯ ಜಿಲ್ಲೆಯ ಕೆಆರ್‌ಎಸ್ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನವನ್ನು ‘ಡಿಸ್ನಿಲ್ಯಾಂಡ್ ಮಾದರಿ’ಯಲ್ಲಿ ಅಭಿವೃದ್ಧಿಪಡಿಸುವ ಮಾತು 2018ರಿಂದಲೂ ಕೇಳಿಬರುತ್ತಿದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಸಾರ್ವಜನಿಕ-ಖಾಸಗಿ ಸಹಭಾಗಿತ್ವದಲ್ಲಿ 2,600 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆಗೆ ಒಪ್ಪಿಗೆ ನೀಡಿತು. ಅಣೆಕಟ್ಟೆಯ ಸುರಕ್ಷತೆಯ ಪ್ರಶ್ನೆ ಎತ್ತಿ ರೈತ ಸಂಘಟನೆಗಳು ಇದನ್ನು ವಿರೋಧಿಸಿವೆ. ಅದು ಮೊದಲು ಉತ್ತರಿಸಬೇಕಾದ ಪ್ರಶ್ನೆ. ಅದರ ಜೊತೆಗೆ ನಾನು ಕೇಳಬಯಸುವುದು ಇಷ್ಟು: ಡಿಸ್ನಿಲ್ಯಾಂಡ್ ಮಾದರಿ ಎಂದರೆ ಯಾವ ವರ್ಷದ ಮಾದರಿ? 1982ರದ್ದೋ, 2024ರದ್ದೋ?

ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಬೃಂದಾವನದಲ್ಲಿ ಇವತ್ತಿಗೂ ಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬಂದ ಕುಟುಂಬ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತದೆ. ಕತ್ತಲಾದ ಮೇಲೆ ಸಂಗೀತ ಕಾರಂಜಿಯ ಮುಂದೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಯಾರು ಮೊದಲು ಬಂದರೋ ಅವರು ಮುಂದೆ. ಹೊಸ ಯೋಜನೆಯಲ್ಲಿ ಕಾರಂಜಿ ಮುಂದೆ ‘ಪ್ರೀಮಿಯಂ’ ಆಸನ ಬಂದರೆ ಆ ಕುಟುಂಬ ಎಲ್ಲಿ ನಿಲ್ಲಬೇಕು?

ಕಲಿಯಬೇಕಾದದ್ದು ಬೇರೆ ಇದೆ

ಡಿಸ್ನಿಯಿಂದ ಕಲಿಯಲು ಏನೂ ಇಲ್ಲ ಎಂದಲ್ಲ, ಬಹಳ ಇದೆ. ಅಲ್ಲಿ ಪ್ರತಿ ರೈಡ್ ಮುಂದೆ ‘ಇಷ್ಟು ನಿಮಿಷ ಕಾಯಬೇಕು’ ಎಂಬ ಫಲಕ ಇರುತ್ತದೆ. ಎಷ್ಟು ಹೊತ್ತು ಎಂದು ಗೊತ್ತಿದ್ದರೆ ಕಾಯುವ ಕಷ್ಟ ಅರ್ಧ ಕಡಿಮೆ. ಪುಟ್ಟ ಮಕ್ಕಳಿರುವ ತಂದೆ-ತಾಯಿಗೆ ‘ರೈಡರ್ ಸ್ವಿಚ್’ ಇದೆ. ಒಬ್ಬರು ಮಗುವಿನ ಜೊತೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಸಾಲು ನಿಲ್ಲದೆ ಹೋಗಬಹುದು. ಇದು ಉಚಿತ. ಕೆಲವು ರೈಡ್‌ಗಳಲ್ಲಿ ಒಂಟಿಯಾಗಿ ಬಂದವರಿಗೆ ಬೇರೆ ಸಾಲು ಇದೆ. ಖಾಲಿ ಹೋಗಬೇಕಿದ್ದ ಒಂದು ಸೀಟಿಗೆ ಅವರನ್ನು ಕೂರಿಸುತ್ತಾರೆ. ಇದರಿಂದ ಯಾರಿಗೂ ನಷ್ಟವಿಲ್ಲ. ‘ಡಂಬೊ’ ಎಂಬ ಹಾರುವ ಆನೆಯ ರೈಡ್‌ನಲ್ಲಿ 2012ರಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಮಾಡಿದ್ದರು. ಕುಟುಂಬಕ್ಕೊಂದು ಪೇಜರ್ ಕೊಟ್ಟು, ಸರದಿ ಬರುವವರೆಗೆ ಮಕ್ಕಳನ್ನು ಒಳಗಿನ ಆಟದ ಜಾಗದಲ್ಲಿ ಆಡಲು ಬಿಡುವುದು.

ಇವೆಲ್ಲ ಸಾಲಿನಲ್ಲಿ ನಿಂತವರ ಕಷ್ಟ ಕಡಿಮೆ ಮಾಡುವ ಉಪಾಯಗಳು. ದುಡ್ಡು ಕೊಟ್ಟು ಮುಂದೆ ಹೋಗುವ ಪಾಸ್ ಒಬ್ಬರ ಕಷ್ಟವನ್ನು ಇನ್ನೊಬ್ಬರಿಗೆ ದಾಟಿಸುವ ಉಪಾಯ. ಎರಡನ್ನೂ ಒಂದೇ ಇಂಜಿನಿಯರಿಂಗ್ ಮಾಡಬಲ್ಲದು. ಯಾವುದನ್ನು ಮಾಡಬೇಕು ಎಂದು ಹೇಳುವವರು ಯಾರು ಎಂಬುದಷ್ಟೇ ಪ್ರಶ್ನೆ.

ಓದು ಮುಗಿಸಿ ಕೆಲಸಕ್ಕೆ ಸೇರುವ ನಮ್ಮಲ್ಲಿ ಅನೇಕರ ಮೇಜಿಗೆ ಇಂಥ ಕೆಲಸ ಬರುವುದು ಖಚಿತ. ದೇವಸ್ಥಾನದ ದರ್ಶನದ ಆ್ಯಪ್, ಆಸ್ಪತ್ರೆಯ ಟೋಕನ್ ವ್ಯವಸ್ಥೆ, ಪ್ರವಾಸೋದ್ಯಮ ಇಲಾಖೆಯ ಆನ್‌ಲೈನ್ ಟಿಕೆಟ್, ಹೀಗೆ ಯಾವುದಾದರೂ ಆಗಬಹುದು. ಆಗ ‘ಯಾವುದನ್ನು ಕಡಿಮೆ ಮಾಡಬೇಕು?’ ಎಂದು ನಾವು ಕೇಳಬೇಕು. ಎಲ್ಲರ ಸರಾಸರಿ ಕಾಯುವ ಸಮಯವನ್ನೋ, ಅತಿ ಹೆಚ್ಚು ಕಾಯುವವರ ಸಮಯವನ್ನೋ, ದುಡ್ಡು ಕೊಟ್ಟವರ ಸಮಯವನ್ನು ಮಾತ್ರವೋ? ಮೂರಕ್ಕೂ ಬೇರೆ ಬೇರೆ ಪ್ರೋಗ್ರಾಂ ಬೇಕು.

ಬೇಗದ ಸಾಲು ಮಾಡಲೇಬೇಕು ಎಂದಾದರೆ ಕನಿಷ್ಠ ಮೂರು ಷರತ್ತು ಹಾಕಬಹುದು. ಗಂಟೆಗೆ ಎಷ್ಟು ಸೀಟು ಪಾಸ್‌ನವರಿಗೆ ಹೋಗುತ್ತದೆ ಎಂಬುದಕ್ಕೆ ಮಿತಿ ಇರಲಿ. ಆ ಮಿತಿ ಸಾಮಾನ್ಯ ಸಾಲಿನ ಬಾಗಿಲಲ್ಲೇ ಎಲ್ಲರಿಗೂ ಕಾಣುವಂತೆ ಬರೆದಿರಲಿ. ಸರ್ಕಾರದ ಜಾಗವಾದರೆ ಪಾಸ್‌ನಿಂದ ಬಂದ ಹಣ ಸಾಮಾನ್ಯ ಸಾಲಿನ ನೆರಳಿಗೆ, ಕುಡಿಯುವ ನೀರಿಗೆ, ಶೌಚಾಲಯಕ್ಕೆ ಹೋಗಲಿ. ಇದರಲ್ಲಿ ತಾಂತ್ರಿಕವಾಗಿ ಕಷ್ಟದ್ದು ಒಂದೂ ಇಲ್ಲ. ಬೃಂದಾವನದ ಟೆಂಡರ್ ದಾಖಲೆಯಲ್ಲಿ ಈ ಮೂರು ಸಾಲು ಸೇರುತ್ತವೆಯೇ ಎಂದು ಈಗಲೇ ಕೇಳುವುದು ಒಳ್ಳೆಯದು. ಪಾರ್ಕ್ ಕಟ್ಟಿ, ದರಪಟ್ಟಿ ಅಂಟಿಸಿದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ.